ಇನ್ನೂ ನಾಲ್ಕು ಜನರನ್ನು ಹಾಕಿದರೆ ಬೇಗ ಮುಗಿಯುತ್ತಾ?

ಸರ್, ಟೊಮೆಟೊ ಮಂಡಿಯ ಲೆಕ್ಕದ ಸಾಫ್ಟ್‌ವೇರ್ ತಡವಾಗಿದೆ, ನಾಲ್ಕು ಜನರ ತಂಡವನ್ನು ಎಂಟು ಮಾಡಿದರೆ ಮೂರು ವಾರದಲ್ಲಿ ಮುಗಿಯುತ್ತಾ ಅಂತ ಕೇಳಿದ್ದೀರಿ. ದಯವಿಟ್ಟು ಹಾಗೆ ಮಾಡಬೇಡಿ.

ನಾನೂ ಕೋಲಾರದವನೇ. ನಮ್ಮ ಮಾರ್ಕೆಟ್ಟಿನಲ್ಲಿ ಲಾರಿಗೆ 15 ಕೆಜಿ ಬಾಕ್ಸ್ ಏರಿಸಲು ಇನ್ನೂ ನಾಲ್ಕು ಹಮಾಲರು ಬಂದರೆ ಕೆಲಸ ಬೇಗ ಆಗುತ್ತೆ, ನಿಜ. ಒಂದು ಬಾಕ್ಸಿಗೂ ಇನ್ನೊಂದಕ್ಕೂ ಸಂಬಂಧವಿಲ್ಲವಲ್ಲ. ಕೋಡ್ ಹಾಗಲ್ಲ. ರೈತನಿಗೆ ಕೊಟ್ಟ ಮುಂಗಡ ಯಾವ ಪಟ್ಟಿಯಲ್ಲಿ, ಅಂದರೆ ಯಾವ ಮಾರಾಟದ ಬಿಲ್ಲಿನಲ್ಲಿ, ಕಳೆಯಬೇಕು ಅನ್ನೋದನ್ನು ಹೊಸಬರಿಗೆ ಹೇಳಿಕೊಡಬೇಕಾದವರು ನಿಮ್ಮ ಹಳೇ ನಾಲ್ವರೇ. ಅಷ್ಟು ದಿನ ಅವರ ಕೆಲಸ ನಿಲ್ಲುತ್ತೆ. ಪ್ರತಿಯೊಬ್ಬರೂ ಉಳಿದ ಪ್ರತಿಯೊಬ್ಬರ ಜೊತೆ ಮಾತಾಡಬೇಕು ಅಂದರೆ, ನಾಲ್ವರ ನಡುವೆ ಜೋಡಿಗಳು 6. ಎಂಟು ಜನರಾದರೆ 28. ತಡವಾದ ಸಾಫ್ಟ್‌ವೇರ್ ಕೆಲಸಕ್ಕೆ ಜನ ಸೇರಿಸಿದರೆ ಅದು ಇನ್ನೂ ತಡವಾಗುತ್ತೆ ಅಂತ, ಐಬಿಎಂ ಕಂಪನಿಯಲ್ಲಿ ಓಎಸ್/360 ಅನ್ನೋ ಆಪರೇಟಿಂಗ್ ಸಿಸ್ಟಂ ಕೆಲಸ ನಡೆಸಿದ ಫ್ರೆಡ್ ಬ್ರೂಕ್ಸ್ 1975ರಲ್ಲೇ ಎಚ್ಚರಿಸಿದ್ದರು.

ನಾನೂ ಒಮ್ಮೆ ಇದೇ ತಪ್ಪು ಮಾಡಿದೆ. ಹೊಸಬರೊಬ್ಬರು ಕಮಿಷನ್ನಿನ ಪೈಸೆಯನ್ನು ಪ್ರತಿ ಸಾಲಿಗೂ ಪೂರ್ತಿ ರೂಪಾಯಿಗೆ ದುಂಡು ಮಾಡಿದರು, ಹಳಬರು ಒಟ್ಟು ಮೊತ್ತಕ್ಕೆ ಮಾತ್ರ ಮಾಡಿದ್ದರು. ರೈತರ ಪಟ್ಟಿಗೂ ಲೆಡ್ಜರಿಗೂ 3 ರೂಪಾಯಿ ವ್ಯತ್ಯಾಸ. ಹುಡುಕಲು ಎರಡು ದಿನ ಹೋಯಿತು.

‘ತೊಂಬತ್ತು ಪರ್ಸೆಂಟ್ ಮುಗಿದಿದೆ’ ಅನ್ನೋ ಮಾತನ್ನೂ ನಂಬಬೇಡಿ. ಒಬ್ಬ ರೈತನ ಹತ್ತು ಬಾಕ್ಸ್ ತಗೊಂಡು ಹರಾಜಿನಿಂದ ಪಟ್ಟಿ ಪ್ರಿಂಟ್ ಆಗೋವರೆಗೂ ನಿಮ್ಮೆದುರೇ ಓಡಿಸಿ ತೋರಿಸಲು ಹೇಳಿ. ಆಮೇಲೆ ಮಂಡಿ ಮಾಲೀಕರ ಹತ್ತಿರ ಕೂತು, ಮೊದಲ ದಿನಕ್ಕೆ ಬೇಕೇ ಬೇಕಾದ್ದು ಯಾವುದು ಅಂತ ಕೇಳಿ. ಎಸ್ಸೆಮ್ಮೆಸ್, ತಿಂಗಳ ವರದಿ ಎಲ್ಲಾ ಮುಂದಿನ ಸೀಸನ್ನಿಗೆ ಇರಲಿ ಅಂತ ಅವರೇ ಹೇಳಬಹುದು.