ಭಾಷಣಕ್ಕೆ ಮಾರ್ಕ್ಸ್ ಹಾಕಿದ್ದು ಸಾಕು ಮೇಷ್ಟ್ರೇ

ತಿಪಟೂರಿನ ನಿವೃತ್ತ ಮೇಷ್ಟ್ರೊಬ್ಬರು ಬರೆದಿದ್ದಾರೆ: "ಅಮೆರಿಕದ ಅಧ್ಯಕ್ಷನಿಗೆ ಮೊದಲು ಬೇಕಾದ್ದು ಮಾತುಗಾರಿಕೆ. ಲಿಂಕನ್, ರೂಸ್‌ವೆಲ್ಟ್, ಕೆನಡಿ ಸಾಕಲ್ವಾ ಸಾಕ್ಷಿ? ಹೋದ ಸಂಚಿಕೇಲಿ ಆ ಸಪ್ಪೆ ಟ್ರೂಮನ್‌ನ ಅಷ್ಟೊಂದು ಹೊಗಳಿದ್ದೀರಲ್ಲ, ಯಾಕೆ?"

ಮಾತು ಬೇಕು, ಒಪ್ಪಿದೆ. 1933ರಲ್ಲಿ ರೂಸ್‌ವೆಲ್ಟ್ ರೇಡಿಯೋದಲ್ಲಿ ಮಾತಾಡಿದ ಮೇಲೆ ಬ್ಯಾಂಕ್ ಮುಳುಗುತ್ತೆ ಅನ್ನೋ ಭಯಕ್ಕೆ ಜನ ಬಿಡಿಸಿಕೊಂಡಿದ್ದ ದುಡ್ಡನ್ನ ವಾಪಸ್ ಬ್ಯಾಂಕಿಗೆ ತಂದು ಕಟ್ಟಿದ್ರು. ಆದ್ರೆ 1841ರಲ್ಲಿ ವಿಲಿಯಂ ಹೆನ್ರಿ ಹ್ಯಾರಿಸನ್ ಪ್ರಮಾಣವಚನದ ದಿನ ಹತ್ತತ್ರ ಎರಡು ಗಂಟೆ ಭಾಷಣ ಬಿಗಿದ, ತಿಂಗಳಿಗೇ ತೀರಿಕೊಂಡ, ಪಾಪ. ನೀವು ವರ್ಷಗಟ್ಟಲೆ ಭಾಷಣ ಸ್ಪರ್ಧೆಗೆ ಮಾರ್ಕ್ಸ್ ಹಾಕಿದವರು, ಆ ಚಾಳಿ ಇನ್ನೂ ಬಿಟ್ಟಿಲ್ಲ ಅನ್ಸುತ್ತೆ.

ಟ್ರೂಮನ್ ಡಿಗ್ರಿ ಮುಗಿಸಿದವನಲ್ಲ, ಕ್ಯಾನ್ಸಸ್ ಸಿಟೀಲಿ ಗಂಡಸರ ಬಟ್ಟೆ ಅಂಗಡಿ ಇಟ್ಟು ಕೈ ಸುಟ್ಟುಕೊಂಡು ವರ್ಷಾನುಗಟ್ಟಲೆ ಸಾಲ ತೀರಿಸಿದವನು. ಉಪಾಧ್ಯಕ್ಷನಾಗಿ 82 ದಿನ ಆಗಿತ್ತಷ್ಟೆ, 1945ರ ಏಪ್ರಿಲ್ 12ಕ್ಕೆ ರೂಸ್‌ವೆಲ್ಟ್ ಹೋಗಿಬಿಟ್ರು, ಈತ ಅಧ್ಯಕ್ಷನಾದ, ಅಣುಬಾಂಬ್ ವಿಷಯಾನ ಈತನಿಗೆ ಅಲ್ಲೀವರೆಗೂ ಯಾರೂ ಸರಿಯಾಗಿ ಹೇಳಿರಲೇ ಇಲ್ಲ! ಹಿರೋಶಿಮಾ ವಿಷಯದಲ್ಲಿ ನನಗೂ ಈತನ ಜೊತೆ ಜಗಳ ಇದೆ ರೀ, ಆದ್ರೆ ಅದರ ಹೊಣೇನ ಸೇನಾಧಿಕಾರಿಗಳ ತಲೆಗೋ ವಿಜ್ಞಾನಿಗಳ ತಲೆಗೋ ಕಟ್ಟಲಿಲ್ಲ ನೋಡಿ. ಮೇಜಿನ ಮೇಲೆ ಒಂದು ಬೋರ್ಡ್ ಇಟ್ಕೊಂಡಿದ್ದ, ಒಕ್ಲಹೋಮದ ಒಂದು ಜೈಲಲ್ಲಿ ಮಾಡಿದ್ದು. ಎದುರಿಗೆ ಕೂತವರಿಗೆ ಕಾಣೋದು, ಹೊಣೆ ಇಲ್ಲಿಂದ ಮುಂದಕ್ಕೆ ಹೋಗಲ್ಲ ಅನ್ನೋ ಅರ್ಥದ ಮಾತು. ಟ್ರೂಮನ್ ಕಡೆಗಿದ್ದ ಬೆನ್ನಲ್ಲಿ, ನಾನು ಮಿಸೌರಿಯವನು ಅಂತ, ಅದು ಅವನ ಸ್ವಂತ ರಾಜ್ಯ.

ಮಾತುಗಾರ ಬೇಕು ಅಂದ್ರೆ ಜನರಲ್ ಮ್ಯಾಕ್‌ಆರ್ಥರ್‌ನ ತಗೊಳ್ಳಿ. ಕೊರಿಯಾ ಯುದ್ಧದಲ್ಲಿ ಅಧ್ಯಕ್ಷನ ನೀತೀನ ಬಹಿರಂಗವಾಗೇ ಟೀಕಿಸ್ತಿದ್ದ, ಟ್ರೂಮನ್ ಕೆಲಸದಿಂದ ಕಿತ್ತುಹಾಕಿದ. ಜನರಲ್ ಊರಿಗೆ ಬಂದು ಅಲ್ಲಿನ ಸಂಸತ್ತು ಕಾಂಗ್ರೆಸ್ ಮುಂದೆ ಮಾತಾಡಿದ್ರೆ ಸಂಸದರ ಕಣ್ಣಲ್ಲಿ ನೀರು, ನ್ಯೂಯಾರ್ಕ್ ಬೀದೀಲಿ ಜಾತ್ರೆ. ಟ್ರೂಮನ್ ಜನಪ್ರಿಯತೆ 1952ರ ಫೆಬ್ರವರಿಗೆ 22 ಪರ್ಸೆಂಟಿಗೆ ಬಿತ್ತು. ನಿಮ್ಮ ಲೆಕ್ಕದಲ್ಲಿ ಫೇಲ್. ಆದ್ರೆ ಸೈನ್ಯ ಯಾರ ಮಾತು ಕೇಳಬೇಕು, ಚುನಾಯಿತನದ್ದಾ ಸಮವಸ್ತ್ರದವನದ್ದಾ, ಅದು ಅವತ್ತು ಇತ್ಯರ್ಥ ಆಯ್ತು. 1953ರಲ್ಲಿ ಮನೆಗೆ ಹೋದಾಗ ಮಾಜಿ ಅಧ್ಯಕ್ಷರಿಗೆ ಅಂತ ಪೆನ್ಷನ್ನೂ ಇರಲಿಲ್ಲ, ಕಾವಲಿನವರೂ ಇರಲಿಲ್ಲ, ತಾನೇ ಕಾರ್ ಓಡಿಸ್ಕೊಂಡು ಹೆಂಡತಿ ಜೊತೆ ಊರೂರು ಸುತ್ತಿ ಬಂದ.

ಈಗ ನಮ್ಮ ಕಡೆ ಬನ್ನಿ. ಖಾತೆ ಬದಲಾವಣೆಗೆ ಅಂತ ಒಂದು ಆಫೀಸಿಗೆ ನಾಲ್ಕು ಸಲ ಹೋದೆ, ಕೇಸ್ ವರ್ಕರ್ ಕೇಳಿದ್ರೆ ಸಾಹೇಬ್ರ ಟೇಬಲ್ ಮೇಲಿದೆ ಅಂತಾರೆ, ಸಾಹೇಬ್ರು ಕೇಸ್ ವರ್ಕರ್ ಹತ್ರಾನೇ ಇರ್ಬೇಕಲ್ಲ ಅಂತಾರೆ, ಕೊನೆಗೆ ಇಬ್ಬರೂ ಸೇರಿ ಸರ್ವರ್ ಡೌನ್ ಅಂದ್ರು, ಪಾಪ ಸರ್ವರ್‌ಗೆ ಬಾಯಿಲ್ಲ. ಅದೇ ಸಾಹೇಬ್ರು ರಾಜ್ಯೋತ್ಸವದ ದಿನ ಮೈಕ್ ಹಿಡಿದ್ರೆ ಮುಕ್ಕಾಲು ಗಂಟೆ, ಚಪ್ಪಾಳೆಯೋ ಚಪ್ಪಾಳೆ.

ಇನ್ನು ನಿಮ್ಮ ಪತ್ರದ ಕೊನೆ ಸಾಲು. ಹೋದ ಸಂಚಿಕೇಲಿ ಮ್ಯಾಕ್‌ಆರ್ಥರ್‌ನ ತೆಗೆದ ವರ್ಷ 1952 ಅಂತ ಅಚ್ಚಾಗಿದೆ ಅಂದ್ರಿ. ಸರಿ, 1951 ಅಂತ ಇರಬೇಕಿತ್ತು. ಮುದ್ರಾರಾಕ್ಷಸನ ಹಾವಳಿ ಅಂತ ಬರೆದೂ ಬಿಟ್ಟಿದ್ದೆ, ಹೊಡೆದುಹಾಕಿದೆ. ಪ್ರೂಫ್ ನೋಡಿದ್ದು ನಾನೇ.

- ಸಂ.