ಸಂಪಾದಕರ ಉತ್ತರ: ಕ್ರಿಸ್‌ಮಸ್ ಅವರಿಗೆ ಗೊತ್ತೇ ಇತ್ತು

(ಮೈಸೂರಿನ ಓದುಗರೊಬ್ಬರ ಪತ್ರದ ಸಾರ: ಮಗಳ ಕಾಲೇಜಿನ ಗಾಯನ ತಂಡ ಡಿಸೆಂಬರ್ ಕಾರ್ಯಕ್ರಮಕ್ಕೆ ‘ಡೂ ದೇ ನೋ ಇಟ್ಸ್ ಕ್ರಿಸ್‌ಮಸ್’ ಹಾಡನ್ನು ಆರಿಸಿಕೊಂಡಿದೆ. ಅದರ ಮಾತು ಕೇಳಿದರೆ ಮೈ ಉರಿಯುತ್ತದೆ. ಹಸಿದವರಿಗಾಗಿ ಕಟ್ಟಿದ ಹಾಡು ಹಿಡಿಸದಿದ್ದರೆ ತಪ್ಪೇ?)

ಖಂಡಿತ ತಪ್ಪಲ್ಲ. ಆದರೆ ಆ ಹಾಡಿನಿಂದ ಆದ ಉಪಕಾರವನ್ನು ಮೊದಲೇ ಹೇಳಿಬಿಡುತ್ತೇನೆ. 1984ರ ಅಕ್ಟೋಬರ್ 23ರಂದು ಇಥಿಯೋಪಿಯಾದ ಕೊರೆಮ್‌ನಿಂದ ಬಿಬಿಸಿಯಲ್ಲಿ ಬಂದ ಕ್ಷಾಮದ ವರದಿಯನ್ನು ನೋಡಿ ಗಾಯಕರಾದ ಬಾಬ್ ಗೆಲ್ಡಾಫ್ ಮತ್ತು ಮಿಜ್ ಯೂರ್ ಬರೆದದ್ದು ಅದು. ಒಂದು ವರ್ಷದೊಳಗೆ ಸುಮಾರು 80 ಲಕ್ಷ ಪೌಂಡ್ ಕೂಡಿತು. ಬಂದರಿಗೆ ಬಂದ ಕಾಳನ್ನು ಒಳನಾಡಿಗೆ ಒಯ್ಯಲು ಲಾರಿಗಳೇ ಇಲ್ಲದಿದ್ದಾಗ ಆ ಹಣದಲ್ಲಿ ಲಾರಿಗಳು ಬಂದವು. ಸಣ್ಣ ಕೆಲಸವಲ್ಲ ಅದು.

ಮಾತು ಎಡವುವುದು ಹೆಸರಿನಲ್ಲೇ. ‘ಕ್ರಿಸ್‌ಮಸ್ ಬಂದದ್ದು ಅವರಿಗೆ ಗೊತ್ತೇ’ ಎಂದು ಕೇಳುತ್ತಿರುವುದು ಯಾರ ಬಗ್ಗೆ? ಇಥಿಯೋಪಿಯಾದ ಪ್ರಾಚೀನ ಅಕ್ಸುಮ್ ರಾಜ್ಯದ ದೊರೆ ಎಜಾನಾ ಕ್ರೈಸ್ತನಾದದ್ದು 4ನೇ ಶತಮಾನದಲ್ಲಿ. ಇಂಗ್ಲೆಂಡಿನ ಆಂಗ್ಲೋ-ಸ್ಯಾಕ್ಸನ್ನರಿಗೆ ಮತ ಸಾರಲು ಅಗಸ್ಟೀನ್ ರೋಮಿನಿಂದ ಬಂದಿಳಿದದ್ದು 597ರಲ್ಲಿ. ಕೊರೆಮ್ ಇದ್ದ ಅದೇ ವೊಲ್ಲೊ ಪ್ರಾಂತ್ಯದಲ್ಲಿ ಲಾಲಿಬೆಲಾ ಇತ್ತು, ನೆಲದ ಬಂಡೆಯನ್ನೇ ಮೇಲಿನಿಂದ ಕೆಳಕ್ಕೆ ಕಡಿದು ಮಾಡಿದ ಇಗರ್ಜಿಗಳ ಊರು. ಅಲ್ಲಿ ಹಬ್ಬದ ಹೆಸರು ಗೆನ್ನಾ, ದಿನ ಜನವರಿ 7. ಬಿಳಿ ಶಾಲು ಹೊದ್ದ ಜನ ಸೇರುತ್ತಾರೆ. ಪಾದ್ರಿಗಳು ಉದ್ದನೆಯ ಕೋಲು ಹಿಡಿದು, ಡೋಲಿನ ಪೆಟ್ಟಿಗೆ ಮೈ ತೂಗುತ್ತ ಹಾಡುತ್ತಾರೆ.

ಅಲ್ಲಿ ಏನೂ ಬೆಳೆಯದು, ನದಿ ಹರಿಯದು ಎಂಬ ಸಾಲೂ ಇದೆ. ನೀಲಿ ನೈಲ್ ಹುಟ್ಟುವುದೇ ಇಥಿಯೋಪಿಯಾದ ತಾನಾ ಸರೋವರದಲ್ಲಿ. ನಮ್ಮ ಚಿಕ್ಕಮಗಳೂರು, ಕೊಡಗಿನ ಅರಾಬಿಕಾ ಕಾಫಿಯ ತವರೂ ಆ ಮಲೆಗಳೇ.

ಮಳೆ ಕೈಕೊಟ್ಟರೆ ಬರ. ಅದು ಕ್ಷಾಮವಾಗುವುದು ಬಹುಪಾಲು ಆಳುವವರಿಂದ. ಆಗ ಇಥಿಯೋಪಿಯಾವನ್ನು ಆಳುತ್ತಿದ್ದ ಮೆಂಗಿಸ್ತು ಸರ್ಕಾರ ಟಿಗ್ರೆ, ಎರಿಟ್ರಿಯಾದ ಬಂಡುಕೋರರೊಡನೆ ಯುದ್ಧದಲ್ಲಿತ್ತು. ಸಂತೆಗಳ ಮೇಲೆ ಬಾಂಬು ಹಾಕಿತು, ಬಂಡುಕೋರರ ಸೀಮೆಗೆ ಕಾಳು ಹೋಗದಂತೆ ತಡೆಯಿತು, ಲಕ್ಷಾಂತರ ಜನರನ್ನು ಬಲವಂತವಾಗಿ ದಕ್ಷಿಣಕ್ಕೆ ಸಾಗಿಸಿತು. ಹಾಡಿನಲ್ಲಿ ಇದರ ಸುಳಿವೇ ಇಲ್ಲ. ನಿಮ್ಮ ಮೈಸೂರು ಸೀಮೆಯನ್ನು ಬರಿದುಮಾಡಿದ ಧಾತು, ಈಶ್ವರ ಸಂವತ್ಸರಗಳ ಕ್ಷಾಮದಲ್ಲೂ (1876–78) ಭಾರತದಿಂದ ಇಂಗ್ಲೆಂಡಿಗೆ ಗೋಧಿ ಹಡಗೇರುತ್ತಲೇ ಇತ್ತು. ಅದನ್ನು ಬರೀ ಮಳೆಯ ಕತೆಯಾಗಿ ಯಾರಾದರೂ ಹಾಡಿದರೆ ನಾವು ಸುಮ್ಮನಿರುತ್ತೇವೆಯೇ?

ಇನ್ನು, ನರಳುತ್ತಿರುವವರು ನೀವಲ್ಲ, ಅವರು, ದೇವರು ದೊಡ್ಡವನು ಎಂಬರ್ಥದ ಸಾಲು. ಕೇಳುವವರನ್ನು ಚುಚ್ಚಲೆಂದೇ ಬರೆದದ್ದಿರಬಹುದು. ಕಾಲೇಜಿನ ವೇದಿಕೆಯಲ್ಲಿ ನಗುನಗುತ್ತ ಹಾಡಿದಾಗ ಮುಳ್ಳು ಉದುರಿ ನೆಮ್ಮದಿಯಷ್ಟೇ ಉಳಿಯುತ್ತದೆ. 2014ರಲ್ಲಿ ಎಬೋಲಾ ನಿಧಿಗಾಗಿ ಮತ್ತೆ ಹಾಡಿದಾಗ ಆ ಸಾಲನ್ನು ಗೆಲ್ಡಾಫ್ ತಂಡದವರೇ ಬದಲಿಸಿದರು. ಆಗಲೂ ಘಾನಾ ಮೂಲದ ಗಾಯಕ ಫ್ಯೂಸ್ ಒಡಿಜಿ, ಪದ ನೋಡಿ, ಹಾಡಲೊಲ್ಲೆ ಎಂದರು.

ತಂಡದೊಡನೆ ಜಗಳ ಬೇಡ. ಹಾಡಿನ ಪ್ರತಿಯನ್ನು ಮಕ್ಕಳ ಕೈಗೆ ಕೊಟ್ಟು ಸಾಲುಸಾಲಾಗಿ ಓದಿಸಿ, ಪಕ್ಕದಲ್ಲಿ ಭೂಪಟ ಬಿಚ್ಚಿ ತಾನಾ ಸರೋವರ ಹುಡುಕಿಸಿ. ಬೇರೆ ಹಾಡನ್ನು ಅವರೇ ಕೇಳುತ್ತಾರೆ. ಹಣದ ಡಬ್ಬಿ ಮಾತ್ರ ಬಾಗಿಲಲ್ಲೇ ಇರಲಿ. ಯಾವ ಸಂಸ್ಥೆಗೆ, ಯಾವ ಊರಿನ ಯಾವ ಕೆಲಸಕ್ಕೆ ಎಂದು ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿ. ಅಂದೇ ರಾತ್ರಿ ಇಬ್ಬರ ಎದುರು ಎಣಿಸಿ, ರಸೀದಿ ಬಂದ ಕೂಡಲೇ ನೋಟಿಸ್ ಬೋರ್ಡಿಗೆ ಹಚ್ಚಿ.