ಹೆದರಿಸದೆ ಕರೆಯೋದು ಹೇಗೆ?

ಪ್ರಶ್ನೆ: ಎಂಎಸ್ಸಿ ಸೈಕಾಲಜಿ ಮುಗಿಸಿ ಬೆಂಗ್ಳೂರಲ್ಲಿ ಕೌನ್ಸೆಲರ್ ಆಗಿದ್ದೆ, ಈಗ ಊರಿಗೆ ಬಂದು ಸಾಗರದಲ್ಲಿ ಒಂದು ರೂಮ್ ಮಾಡ್ಕೊಂಡಿದ್ದೀನಿ. ಬರೋರು ತುಂಬಾ ಕಮ್ಮಿ. ಮಾರ್ಕೆಟಿಂಗ್ ಮಾಡಿಕೊಡೋ ಹುಡುಗ ಒಬ್ಬ ಫೇಸ್‌ಬುಕ್‌ಗೆ ಬರ್ದುಕೊಟ್ಟಿದ್ದಾನೆ: "ನಿಮಗೆ ಡಿಪ್ರೆಶನ್ ಇದೆಯಾ? ಹೀಗೇ ಬಿಟ್ರೆ ಸಂಸಾರ ಹಾಳಾಗುತ್ತೆ! 21 ದಿನದಲ್ಲಿ ಹೊಸ ಜೀವನ ಗ್ಯಾರಂಟಿ. ಇನ್ನು 5 ಸೀಟ್ ಮಾತ್ರ, ಇವತ್ತೇ ಬುಕ್ ಮಾಡಿ." ಓದಿ ನನಗೇ ಎದೆ ಧಸಕ್ ಅಂತು. ಅವನು "ಮೇಡಂ, ಹೀಗೆ ಬರೆದ್ರೇ ಜನ ಬರೋದು" ಅಂತಾನೆ. ಬಾಡಿಗೆನೂ ಕಟ್ಬೇಕಲ್ಲ, ಏನು ಮಾಡ್ಲಿ?
– ಹೆಸರು ಬೇಡ, ಸಾಗರ

ಉತ್ತರ: ಹಾಕ್ಬೇಡಿ. ನಿಮ್ಮ ಎದೆ ಧಸಕ್ ಅಂದಿದ್ದು ಸರಿಯಾಗೇ ಇದೆ, ಅದನ್ನೇ ನಂಬಿ.

ಆ ಹುಡುಗ ಹಿಡ್ದಿರೋದು ಮಾರ್ಕೆಟಿಂಗ್‌ನ ಹಳೇ ಪಟ್ಟು, ಪ್ರಾಬ್ಲಮ್–ಅಜಿಟೇಟ್–ಸಲ್ಯೂಷನ್ ಅಂತಾರೆ, ಮೊದ್ಲು ತೊಂದ್ರೆ ಹೇಳು, ಆಮೇಲೆ ಅದನ್ನ ಕೆದಕಿ ದೊಡ್ಡದು ಮಾಡು, ಕೊನೆಗೆ ನಿನ್ನ ಸಾಮಾನು ತೋರ್ಸು. ಇನ್ವರ್ಟರ್ ಮಾರೋಕೆ ಇದು ಓಕೆ, ಮಳೆಗಾಲದಲ್ಲಿ ಕರೆಂಟ್ ಹೋದಾಗಿನ ಕಷ್ಟ ನೆನಪು ಮಾಡಿದ್ರೆ ಯಾರ ಜೀವಕ್ಕೂ ಏನೂ ಆಗಲ್ಲ. ಆದ್ರೆ ನಿಮ್ಮ ಪೋಸ್ಟ್ ಓದೋರು ಯಾರು? ಎಲೆಚುಕ್ಕಿ ರೋಗದಲ್ಲಿ ಅಡಿಕೆ ತೋಟ ಹಾಳಾಗಿ, ಸೊಸೈಟಿ ಸಾಲ ತಲೆ ಮೇಲೆ ಕೂತು, ನಡುರಾತ್ರಿ ನಿದ್ದೆ ಬರದೆ ಫೋನ್ ನೋಡ್ತಾ ಮಲಗಿರೋರು. ಮಕ್ಕಳೆಲ್ಲ ಬೆಂಗ್ಳೂರು ಸೇರಿ ಅಷ್ಟು ದೊಡ್ಡ ಮನೇಲಿ ಒಬ್ರೇ ಉಳ್ದಿರೋ ಅಮ್ಮಂದಿರು. ಪಿಯುಸಿ ಫೇಲಾಗಿ ಮನೆಯವ್ರ ಮುಖ ನೋಡೋಕಾಗದ ಹುಡುಗ. "ಸಂಸಾರ ಹಾಳಾಗುತ್ತೆ" ಅನ್ನೋದು ಅವ್ರಿಗೆ ಹೊಸ ಸುದ್ದಿನಾ? ಅದನ್ನೇ ಅವ್ರು ದಿನಾ ರಾತ್ರಿ ತಮಗೆ ತಾವೇ ಹೇಳ್ಕೊತಿರ್ತಾರೆ, ನೀವೂ ಬಂದು ಅದನ್ನೇ ಹೇಳಿದ್ರೆ ಹೆಚ್ಚಿನವ್ರು ಇನ್ನಷ್ಟು ಮುದುಡಿಕೊಳ್ತಾರೆ. ಕೆಲವ್ರು ಭಯಕ್ಕೆ ಬಂದೂ ಬರ್ತಾರೆ, ನಿಜ. ಆದ್ರೆ ಹಾಗೆ ಬಂದೋರು 21 ದಿನ ಎಣಿಸ್ತಾ ಕೂತಿರ್ತಾರೆ, ಸರಿ ಹೋಗ್ದಿದ್ರೆ "ಗ್ಯಾರಂಟಿ ಇದ್ದಿದ್ದೂ ನನಗೆ ಕೆಲಸ ಮಾಡ್ಲಿಲ್ಲ" ಅಂತ ತಪ್ಪನ್ನ ತಮ್ಮ ಮೇಲೇ ಹಾಕೊಂತಾರೆ. ನನಗೆ ಎಲ್ಲಕ್ಕಿಂತ ಸಂಕಟ ಆಗೋದು ಇದಕ್ಕೇ.

ನಿಯಮದ ಪ್ರಕಾರನೂ ಅದು ನಡೆಯಲ್ಲ. ಮೆಟಾ ಕಂಪನಿಯ ಜಾಹೀರಾತು ನಿಯಮದಲ್ಲಿ, ಓದೋರಿಗೆ ಇಂಥ ಕಾಯಿಲೆ ಇದೆ ಅಂತ ಹೇಳೋದಾಗಲಿ ಸೂಚಿಸೋದಾಗಲಿ ಮಾಡೋ ಹಾಗಿಲ್ಲ. "ಡಿಪ್ರೆಶನ್‌ಗೆ ಕೌನ್ಸೆಲಿಂಗ್ ಸಿಗುತ್ತೆ" ಅನ್ಬಹುದು, "ನಿಮಗೆ ಡಿಪ್ರೆಶನ್ ಇದೆಯಾ" ಅನ್ನೋ ಹಾಗಿಲ್ಲ. ಇನ್ನು ಗ್ಯಾರಂಟಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಕೆಳಗೆ 2022ರಲ್ಲಿ ದಾರಿ ತಪ್ಪಿಸೋ ಜಾಹೀರಾತು ತಡೆಯೋ ಮಾರ್ಗಸೂಚಿ ಬಂದಿದೆ, ಹೇಳ್ಕೊಂಡಿದ್ದಕ್ಕೆ ಆಧಾರ ಇರ್ಲೇಬೇಕು. 5 ಸೀಟ್ ಅನ್ನೋದು ನಿಜವಾದ್ರೆ ಹೇಳಿ, ಇಲ್ದಿದ್ರೆ ಅದು ಸುಳ್ಳು ಅಷ್ಟೇ.

ಹಾಗಾದ್ರೆ ಏನು ಬರೀಬೇಕು? ನಮ್ಮ ಕಡೆ ಜನಕ್ಕೆ ತಮಗೆ ಕಷ್ಟ ಇದೆ ಅನ್ನೋದು ಚೆನ್ನಾಗೇ ಗೊತ್ತು. ಗೊತ್ತಿಲ್ದೆ ಇರೋದು ನಿಮ್ಮ ರೂಮಿನೊಳಗೆ ಎಂತ ನಡೆಯುತ್ತೆ ಅನ್ನೋದು. ಮಾತ್ರೆ ಕೊಡ್ತಾರಾ, ಎಷ್ಟು ದುಡ್ಡಾಗುತ್ತೆ, ಮನೆಯವ್ರಿಗೆ ಹೇಳ್ಬಿಡ್ತಾರಾ, ಎಲ್ಲಕ್ಕಿಂತ ಹೆಚ್ಚಾಗಿ, ಮೆಟ್ಟಿಲು ಹತ್ತುವಾಗ ಗುರುತಿನವ್ರು ಯಾರಾದ್ರೂ ನೋಡಿದ್ರೆ? ಸಾಗರದಲ್ಲಿ ಬಸ್ ಇಳಿದು ನಾಲ್ಕು ಹೆಜ್ಜೆ ಇಡೋದ್ರೊಳಗೆ "ಎಂತಕ್ಕೆ ಬಂದಿದ್ದು?" ಅಂತ ಕೇಳೋರು ಸಿಕ್ಕೇ ಸಿಗ್ತಾರೆ. ನೀವು ಬರೆಯೋ ಒಂದೊಂದು ಸಾಲೂ ಇಂಥ ಒಂದೊಂದು ಭಯನ ಕಮ್ಮಿ ಮಾಡ್ಬೇಕು. ನಾನಾದ್ರೆ ಹೀಗೆ ಬರೀತೀನಿ:

"ಕೆಲವು ಸಲ ಯಾವುದ್ರಲ್ಲೂ ಮನಸ್ಸಿರಲ್ಲ. ನಿದ್ದೆ ಬರಲ್ಲ, ಊಟ ಸೇರಲ್ಲ, ಯಾರ ಹತ್ರ ಹೇಳೋದು ಅಂತಾನೂ ಗೊತ್ತಾಗಲ್ಲ. ಹೇಳ್ಕೊಳ್ಳೋಕೆ ಇಲ್ಲೊಂದು ಜಾಗ ಇದೆ. ಮೊದಲ ಸಲ ಮುಕ್ಕಾಲು ಗಂಟೆ ಕೂತು ಮಾತಾಡೋಣ, ಹೇಳೋಕೆ ಮನಸ್ಸಿಲ್ದಿರೋದನ್ನ ಹೇಳ್ಬೇಕಾಗಿಲ್ಲ. ನಾನು ಡಾಕ್ಟರ್ ಅಲ್ಲ, ಮಾತ್ರೆ ಕೊಡಲ್ಲ. ಮಾತ್ರೆ ಬೇಕಾಗ್ಬಹುದು ಅನ್ಸಿದ್ರೆ ಮನೋವೈದ್ಯರ ಹತ್ರ ಕಳಿಸ್ತೀನಿ. ನೀವು ಹೇಳಿದ್ದು ನನ್ನ ಹತ್ರಾನೇ ಇರುತ್ತೆ, ಜೀವಕ್ಕೆ ಅಪಾಯ ಅನ್ಸಿದಾಗ ಮಾತ್ರ ಮನೆಯವ್ರಿಗೆ ತಿಳಿಸ್ಬೇಕಾಗುತ್ತೆ. ಒಂದು ಸಲಕ್ಕೆ ಫೀಸು ಇಷ್ಟು. ಬರೋಕಾಗ್ದಿದ್ರೆ ಫೋನಲ್ಲೂ ಮಾತಾಡ್ಬಹುದು. ಯೋಚ್ನೆ ಮಾಡಿ, ಬೇಕು ಅನ್ಸಿದಾಗ ಮೆಸೇಜ್ ಮಾಡಿ."

ಕೊನೇ ಸಾಲು ನೋಡಿ ಆ ಹುಡುಗ ಬೇಜಾರು ಮಾಡ್ಕೊಂತಾನೆ, ಅರ್ಜೆನ್ಸಿ ಇಲ್ಲ ಅಂತಾನೆ. ಇರ್ಲಿ ಬಿಡಿ. ಫೀಸು ಮಾತ್ರ ಮುಚ್ಚಿಡ್ಬೇಡಿ, "ಡೀಟೇಲ್ಸ್‌ಗೆ ಇನ್‌ಬಾಕ್ಸ್ ಮಾಡಿ" ಅಂದ್ರೆ ಹಳ್ಳಿಯಿಂದ ಎರಡು ಬಸ್ ಬದಲಾಯಿಸಿ ಬರೋರು ಲೆಕ್ಕ ಹಾಕೋಕಾಗದೆ ಸುಮ್ನಾಗ್ತಾರೆ. ಕಮ್ಮಿ ಫೀಸಿಗೂ ನೋಡ್ತೀರಿ ಅಂದ್ರೆ ಅದನ್ನೂ ಬರೀರಿ, ಕೇಳೋಕೆ ನಾಚ್ಕೆ ಪಡೋರೇ ಜಾಸ್ತಿ. ಇನ್ನೊಂದು, ಮನೇಲಿ ಒಂದೇ ಫೋನನ್ನ ಗಂಡ ಮಕ್ಕಳು ಎಲ್ಲಾ ನೋಡ್ತಾರೆ, ಹಾಗಾಗಿ ನಿಮ್ಮ ವಾಟ್ಸಾಪ್‌ನಲ್ಲಿ ದೊಡ್ಡದಾಗಿ "ಮಾನಸಿಕ ಸಮಸ್ಯೆಗೆ ಪರಿಹಾರ" ಅಂತ ಹಾಕೋ ಬದ್ಲು ಬರೀ ನಿಮ್ಮ ಹೆಸರು ಇಡಿ, ಯಾವ ಹೊತ್ತಲ್ಲಿ ಫೋನ್ ಮಾಡ್ಬಹುದು ಅಂತ ಕೇಳಿಯೇ ಮಾಡಿ. ವಿಡಿಯೋ ಕಾಲೇ ಆಗ್ಬೇಕು ಅನ್ಬೇಡಿ, ಹೊಸನಗರದ ಆಚೆ ಗುಡ್ಡದ ಮನೆಗಳಲ್ಲಿ ಮಾಮೂಲಿ ಕಾಲ್ ಸಿಕ್ಕಿದ್ರೇ ದೊಡ್ಡದು.

ಪ್ರತಿ ಪೋಸ್ಟಿನ ಕೆಳಗೂ 14416 ಹಾಕಿ. ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಶುರು ಮಾಡಿದ ಟೆಲಿ ಮಾನಸ್ ಸಹಾಯವಾಣಿ ಇದು, ಹಗಲು ರಾತ್ರಿ ಇರುತ್ತೆ, ದುಡ್ಡು ಕೊಡ್ಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ. ಸಾಯೋ ಯೋಚ್ನೆ ಬರ್ತಿರೋರು ನಿಮ್ಮ ಸೋಮವಾರದ ಅಪಾಯಿಂಟ್‌ಮೆಂಟ್‌ಗೆ ಕಾಯೋ ಹಾಗಾಗ್ಬಾರ್ದು.

ಬಾಡಿಗೆ ವಿಷ್ಯ ಸಣ್ಣದಲ್ಲ, ಅದನ್ನ ಮರ್ತು ನಾನು ಮಾತಾಡ್ತಿಲ್ಲ. ಆದ್ರೆ ಸಣ್ಣ ಊರಲ್ಲಿ ರೂಮ್ ತುಂಬೋದು ಫೇಸ್‌ಬುಕ್‌ನಿಂದಲ್ಲ, ನಂಬಿಕೆ ಇರೋರು ಒಬ್ರು "ಅಲ್ಲಿಗೊಂದು ಸಲ ಹೋಗಿ ಬನ್ನಿ" ಅಂದಾಗ. ಆಶಾ ಕಾರ್ಯಕರ್ತೆಯರು, ಹೈಸ್ಕೂಲ್ ಮೇಷ್ಟ್ರು, ಸ್ತ್ರೀಶಕ್ತಿ ಸಂಘದವ್ರು, ಊರಿನ ಎಂಬಿಬಿಎಸ್ ಡಾಕ್ಟ್ರು, ಇವ್ರನ್ನೆಲ್ಲ ಹೋಗಿ ಮಾತಾಡ್ಸಿ. ಒಂದು ಸಂಘದ ಮೀಟಿಂಗಲ್ಲಿ ನಿದ್ದೆ ಬಗ್ಗೆ ಅರ್ಧ ಗಂಟೆ ಮಾತಾಡಿ, ಏನನ್ನೂ ಮಾರ್ಬೇಡಿ. ಶಿವಮೊಗ್ಗದ ಮನೋವೈದ್ಯ ಡಾ. ಅಶೋಕ್ ಪೈ ಅವರು ಮನಸ್ಸಿನ ಕಾಯಿಲೆ ಬಗ್ಗೆ ಕನ್ನಡದಲ್ಲಿ ಬರೀತಾ, ಮಾತಾಡ್ತಾ ಎಷ್ಟೋ ವರ್ಷ ಜನರ ಭಯ ಕಳೆದವ್ರು, ನಮ್ಮ ಜಿಲ್ಲೆಯಲ್ಲೇ ಆ ದಾರಿ ಇದೆ.

ಪ್ರಶ್ನೆ: ಆನ್‌ಲೈನ್ ಕೋರ್ಸ್ ಮಾಡಿ ಲೈಫ್ ಕೋಚ್ ಆಗಿದ್ದೀನಿ. ಬೋರ್ಡಲ್ಲಿ ಥೆರಪಿಸ್ಟ್ ಅಂತ ಹಾಕಿದ್ರೆ ಹೆಚ್ಚು ಜನ ಬರ್ತಾರೆ ಅಂತಾರೆ. ಹಾಕ್ಬಹುದಾ?
– ಓದುಗರು, ಶಿವಮೊಗ್ಗ

ಉತ್ತರ: ಬೇಡ. ಥೆರಪಿಸ್ಟ್ ಅಂದ್ರೆ ಜನ ಕಾಯಿಲೆಗೆ ಚಿಕಿತ್ಸೆ ಕೊಡೋರು ಅಂದ್ಕೊಳ್ತಾರೆ. ಹಾಗೆ ಚಿಕಿತ್ಸೆ ಕೊಡೋ ಕ್ಲಿನಿಕಲ್ ಸೈಕಾಲಜಿಸ್ಟ್ ಅನ್ಸ್ಕೊಬೇಕಾದ್ರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು, ಅದಕ್ಕೆ ವರ್ಷಗಟ್ಟಲೆ ಓದು, ಆಸ್ಪತ್ರೆ ತರಬೇತಿ ಇರುತ್ತೆ. ಕೋಚ್ ಅಂತಲೇ ಹಾಕಿ, "ಕೆಲಸ ಬದಲಾಯಿಸೋ ತೀರ್ಮಾನ, ಪರೀಕ್ಷೆ ತಯಾರಿ, ದಿನಚರಿ ಇವಕ್ಕೆ ಜೊತೆ ಇರ್ತೀನಿ; ಕಾಯಿಲೆಗೆ ಚಿಕಿತ್ಸೆ ಕೊಡಲ್ಲ" ಅಂತ ಎರಡನ್ನೂ ಬರೀರಿ. ಚಿಕಿತ್ಸೆಗೆ ಅಂತ ನಿಮ್ಮೂರಿನ ಸರ್ಕಾರಿ ಮೆಗ್ಗಾನ್ ಆಸ್ಪತ್ರೆಗೆ ಹೋಗ್ಬೇಕಾದೋರು ನಿಮ್ಮ ಹತ್ರ ಆರು ತಿಂಗಳು ಕಳೆದ್ರೆ ಅವ್ರ ಆ ಆರು ತಿಂಗಳನ್ನ ಯಾರು ವಾಪಸ್ ಕೊಡ್ತಾರೆ?

ಪ್ರಶ್ನೆ: ನಾನೂ ಕೌನ್ಸೆಲರ್. ಕ್ಲೈಂಟ್ ಒಬ್ರು "ನಿಮ್ಮಿಂದ ಬದುಕಿದೆ" ಅಂತ ವಾಟ್ಸಾಪ್ ಮಾಡಿದ್ರು. ಹೆಸರು ಅಳಿಸಿ ಸ್ಕ್ರೀನ್‌ಶಾಟ್ ಹಾಕ್ಬಹುದಾ? ಅವ್ರು "ಹಾಕಿ ಪರ್ವಾಗಿಲ್ಲ" ಅಂದಿದ್ದಾರೆ.
– ಓದುಗರು, ತೀರ್ಥಹಳ್ಳಿ

ಉತ್ತರ: ಆ ಮೆಸೇಜ್ ಓದಿ ನಿಮಗೆಷ್ಟು ಖುಷಿ ಆಗಿರುತ್ತೆ ಅಂತ ಗೊತ್ತಾಗುತ್ತೆ. ಆದ್ರೂ ಹಾಕ್ಬೇಡಿ. ಹೆಸರು ಅಳಿಸಿದ್ರೇನು, "ತೋಟದ ಮನೆ, ಮಗ ಆಸ್ಟ್ರೇಲಿಯಾದಲ್ಲಿ, ಯಜಮಾನ್ರು ಹೋದ ವರ್ಷ ತೀರ್ಕೊಂಡ್ರು" ಅಂತ ಇದ್ರೆ ತೀರ್ಥಹಳ್ಳಿಲಿ ಯಾರು ಅಂತ ಕಂಡುಹಿಡಿಯೋಕೆ ಒಂದು ಮದುವೆ ಊಟದ ಪಂಕ್ತಿ ಸಾಕು. ಅವ್ರು ಪರ್ವಾಗಿಲ್ಲ ಅಂದಿದ್ದು ನಿಮ್ಮ ಮೇಲಿನ ಋಣಕ್ಕೆ, ನಿಮಗೆ ಬೇಡ ಅನ್ನೋಕೆ ಅವ್ರಿಗೆ ಬಾಯೇ ಬಂದಿರಲ್ಲ. ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್ನಿನ ನೀತಿಸಂಹಿತೆ ಈಗ ಥೆರಪಿಗೆ ಬರ್ತಿರೋರಿಂದ ಪ್ರಶಂಸೆ ಕೇಳ್ಲೇಬಾರ್ದು ಅನ್ನುತ್ತೆ, ಕಾರಣ ಇದೇ. ನಮ್ಮ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೂ ಚಿಕಿತ್ಸೆ ತಗೊಳ್ಳೋರಿಗೆ ಗೌಪ್ಯತೆಯನ್ನ ಹಕ್ಕಾಗಿಯೇ ಕೊಟ್ಟಿದೆ. ಹೊಸಬ್ರಿಗೆ ನಂಬಿಕೆ ಬರ್ಬೇಕು ಅಂದ್ರೆ ನೀವೇನು ಓದಿದ್ದೀರಿ, ಎಲ್ಲಿ ತರಬೇತಿ ಆಯ್ತು, ಈಗ ಯಾರ ಸೂಪರ್‌ವಿಷನ್‌ನಲ್ಲಿ ಕೆಲಸ ಮಾಡ್ತೀರಿ, ಅದನ್ನ ಹಾಕಿ. ಅವ್ರಿಗೆ ಪ್ರೀತಿಯಿಂದ ಒಂದು ಉತ್ತರ ಬರೀರಿ, ಸ್ಕ್ರೀನ್‌ಶಾಟ್ ಡಿಲೀಟ್ ಮಾಡಿ.